ಸ್ಯಾಮ್ ಲಾಯ್ಡ್: ಅರವತ್ನಾಲ್ಕು ಮನೆಗಳ ಒಳಗೆ ಮತ್ತು ಹೊರಗೆ

ನಮ್ಮ ಕ್ಯಾಂಪಸ್ಸಿನಲ್ಲಿ ಈಗ ಚೆಸ್ ಆಡದವರೇ ಕಮ್ಮಿ. ಕೊನೇ ಬೆಂಚಿನಲ್ಲಿ ಮೂರು ನಿಮಿಷದ ಬ್ಲಿಟ್ಸ್ ಆಡೋರು, ಮೆಸ್ ಕ್ಯೂನಲ್ಲಿ ನಿಂತು ಆವತ್ತಿನ ಪಝಲ್ ಬಿಡಿಸೋರು, ಎಲ್ಲರೂ ನಮ್ಮ ನಡುವೆಯೇ ಇದ್ದಾರೆ. ಆದರೆ ಮೊಬೈಲು ನಮಗೆ ಕೊಡುವ ಪಝಲ್‌ಗಳಲ್ಲಿ ಬಹುಪಾಲು ಯಾರೋ ಇಬ್ಬರು ಆಡಿದ ಆಟದಿಂದ ಕತ್ತರಿಸಿ ತೆಗೆದ ತುಂಡುಗಳು. ಅದಕ್ಕಿಂತ ಬಹಳ ಹಳೆಯದಾದ ಇನ್ನೊಂದು ಬಗೆ ಇದೆ. ಒಬ್ಬ ಮನುಷ್ಯ ಮಣೆಯ ಮುಂದೆ ಕೂತು, ಒಂದೊಂದೇ ಕಾಯಿ ಇಟ್ಟು, ತೆಗೆದು, ಮತ್ತೆ ಇಟ್ಟು ಕಟ್ಟಿದ ಸಮಸ್ಯೆ. ಅಷ್ಟಾವಧಾನ ನೋಡಿದವರಿಗೆ ಸಮಸ್ಯೆ ಅನ್ನೋ ಪದದ ರುಚಿ ಗೊತ್ತಿರುತ್ತೆ. ಪೃಚ್ಛಕರು ಅಸಂಬದ್ಧ ಅನ್ನಿಸುವ ಒಂದು ಸಾಲು ಕೊಡ್ತಾರೆ, ಅವಧಾನಿ ಅದಕ್ಕೆ ಅರ್ಥ ಬರುವ ಹಾಗೆ ಪದ್ಯ ಪೂರೈಸ್ತಾರೆ. ಚೆಸ್ ಸಮಸ್ಯೆಯೂ ಹಾಗೇ. ಮೊದಲು ನೋಡಿದಾಗ ಆಗದ ಮಾತು ಅನ್ನಿಸಬೇಕು, ಉತ್ತರ ಗೊತ್ತಾದ ಮೇಲೆ ಇದಲ್ಲದೆ ಬೇರೆ ಇನ್ನೇನಿರಲು ಸಾಧ್ಯ ಅನ್ನಿಸಬೇಕು.

ಈ ಕಲೆಯಲ್ಲಿ ಜಗತ್ತು ಇವತ್ತಿಗೂ ಮೊದಲು ನೆನೆಯುವ ಹೆಸರು ಅಮೆರಿಕದ ಸ್ಯಾಮ್ ಲಾಯ್ಡ್. ಈ ಸಲ ನಾವು ಹೇಳಹೊರಟಿರೋದು ಅವನ ಕತೆ. ಮೊದಲೇ ಒಂದು ಮಾತು ಹೇಳಿಬಿಡ್ತೀವಿ, ಇದು ಸಾಧು ಸಂತರ ಚರಿತ್ರೆ ಅಲ್ಲ. ಲಾಯ್ಡ್ ಮಹಾ ಬುದ್ಧಿವಂತ, ಅಷ್ಟೇ ದೊಡ್ಡ ಸುಳ್ಳುಗಾರ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಅವನ ಬದುಕು ನಮ್ಮಂಥವರಿಗೆ ಏನಾದರೂ ಹೇಳೋದು.

ಲಾಯ್ಡ್ ಹುಟ್ಟಿದ್ದು 1841ರ ಜನವರಿ ಕೊನೆಯಲ್ಲಿ, ಫಿಲಡೆಲ್ಫಿಯಾದಲ್ಲಿ. ದೊಡ್ಡ ಸಂಸಾರ, ಇವನೇ ಕೊನೆಯವನು. ಇವನಿಗೆ ಮೂರು ವರ್ಷ ಆಗಿದ್ದಾಗ ಮನೆಯವರು ನ್ಯೂಯಾರ್ಕಿಗೆ ಬಂದು ನೆಲೆಸಿದರು. ಅಣ್ಣಂದಿರ ಜೊತೆ ಚೆಸ್ ಕಲಿತ. ಕಲಿತ ಸ್ವಲ್ಪ ದಿನಕ್ಕೇ ಆಟಕ್ಕಿಂತ ಹೆಚ್ಚಾಗಿ ಸಮಸ್ಯೆ ಕಟ್ಟೋದರ ಹುಚ್ಚು ಹಿಡಿಯಿತು. 1855ರ ಏಪ್ರಿಲ್ 14ರಂದು ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಅವನ ಮೊದಲ ಸಮಸ್ಯೆ ಅಚ್ಚಾಯಿತು. ಆಗ ವಯಸ್ಸು 14. ನಾವು ಒಂಬತ್ತನೇ ಕ್ಲಾಸಿನಲ್ಲಿ ಇರುವ ವಯಸ್ಸು ಅದು. ಅಲ್ಲಿಂದ ಮೂರು ನಾಲ್ಕು ವರ್ಷ ಹುಡುಗ ಮಳೆ ಸುರಿದ ಹಾಗೆ ಸಮಸ್ಯೆಗಳನ್ನು ಸುರಿಸಿದ.

1857ರಲ್ಲಿ ನ್ಯೂಯಾರ್ಕಿನಲ್ಲಿ ಚೆಸ್ ಮಂತ್ಲಿ ಅನ್ನೋ ಪತ್ರಿಕೆ ಶುರುವಾಯಿತು. ಅದರ ಸಂಪಾದಕ ಡೇನಿಯಲ್ ವಿಲ್ಲರ್ಡ್ ಫಿಸ್ಕ್. ಜೊತೆಗೆ ಸಂಪಾದಕನಾಗಿ ನಿಂತವನು ಆ ಕಾಲದ ಆಟಗಾರರಲ್ಲೆಲ್ಲ ಮೇಲು ಅನ್ನಿಸಿಕೊಂಡ ಪಾಲ್ ಮಾರ್ಫಿ. ಆ ಪತ್ರಿಕೆಯ ಸಮಸ್ಯೆಗಳ ವಿಭಾಗ ನೋಡಿಕೊಳ್ಳುವ ಕೆಲಸ ಹದಿಹರೆಯದ ಲಾಯ್ಡ್ ಕೈಗೆ ಬಂತು. ಹೊಟ್ಟೆಪಾಡಿಗೆ ಅಂತ ಅವನು ಕಲಿಯಲು ಹೊರಟಿದ್ದು ಎಂಜಿನಿಯರಿಂಗ್. ಸ್ಟೀಮ್ ಎಂಜಿನ್, ಯಂತ್ರಗಳ ವಿದ್ಯೆ. ಅದರಲ್ಲಿ ಮುಂದುವರಿಯಲಿಲ್ಲ. ನಮ್ಮಲ್ಲೂ ಅಂಥವರು ಇದ್ದಾರೆ, ಹೆಸರು ಹೇಳೋದು ಬೇಡ.

ಅವನ ಕೆಲಸ ಏನು ಅನ್ನೋದು ಅರ್ಥವಾಗಬೇಕಾದರೆ ಚೆಸ್ ಸಮಸ್ಯೆಯ ಕಟ್ಟಳೆಗಳನ್ನು ಸ್ವಲ್ಪ ತಿಳ್ಕೋಬೇಕು. ಕಷ್ಟವೇನಿಲ್ಲ. ಬಿಳಿಯವರು ಮೊದಲು ನಡೆಸಬೇಕು, ಹೇಳಿದಷ್ಟು ನಡೆಗಳಲ್ಲಿ ಮೇಟ್ ಮಾಡಬೇಕು. ಕಪ್ಪಿನವರು ಏನೇ ಆಡಲಿ, ಎಷ್ಟೇ ಚೆನ್ನಾಗಿ ಆಡಲಿ, ಮೇಟ್ ತಪ್ಪಬಾರದು. ಇಷ್ಟು ಬಿಡಿಸುವವರಿಗೆ. ಕಟ್ಟುವವರಿಗೆ ಇನ್ನೂ ಒಂದು ಕಟ್ಟಳೆ ಉಂಟು, ಅದೇ ಎಲ್ಲಕ್ಕಿಂತ ಕಠಿಣ. ಗುರಿ ಮುಟ್ಟಿಸುವ ಮೊದಲ ನಡೆ ಒಂದೇ ಒಂದು ಇರಬೇಕು. ಎರಡನೇ ದಾರಿ ಯಾರಾದರೂ ಕಂಡುಹಿಡಿದರೆ ಆ ಸಮಸ್ಯೆ ಕೆಟ್ಟಿತು ಅಂತಲೇ ಲೆಕ್ಕ. ಆ ಲೋಕದವರು ಅದನ್ನು ಕುಕ್ ಅಂತಾರೆ. ಎಷ್ಟೇ ಚೆಂದದ ಕಲ್ಪನೆ ಇರಲಿ, ಕುಕ್ ಸಿಕ್ಕಿದರೆ ಕಸದ ಬುಟ್ಟಿಗೆ. ಮೊದಲ ನಡೆಯಲ್ಲೇ ಚೆಕ್ ಕೊಡೋದು, ದೊಡ್ಡ ಕಾಯಿ ಹೊಡೆಯೋದು ಕೂಡ ಅಷ್ಟು ಮರ್ಯಾದೆ ಅಲ್ಲ, ಯಾಕಂದರೆ ಅಂಥ ನಡೆ ಯಾರಿಗಾದರೂ ಮೊದಲು ಹೊಳೆಯುತ್ತೆ. ಲಾಯ್ಡ್ ನಂಬಿಕೊಂಡಿದ್ದು ಇದರ ಇನ್ನೊಂದು ತುದಿಯನ್ನು. ಬಿಡಿಸುವವನು ಕಟ್ಟಕಡೆಗೆ ಮಾತ್ರ ಯೋಚಿಸುವ ನಡೆಯೇ ಸರಿಯುತ್ತರ ಆಗಬೇಕು ಅನ್ನೋದು ಅವನ ಪಂಥ.

ಇದಕ್ಕೆ ಅವನದೇ ಒಂದು ಸಮಸ್ಯೆ ಸಾಕ್ಷಿ. ಅದರ ಹೆಸರು ಎಕ್ಸೆಲ್ಸಿಯರ್. ನ್ಯೂಯಾರ್ಕಿನಲ್ಲಿ ಡೆನಿಸ್ ಜೂಲಿಯನ್ ಅಂತ ಅವನ ಸ್ನೇಹಿತನೊಬ್ಬ ಇದ್ದ. ಯಾವ ಸಮಸ್ಯೆ ತೋರಿಸಿದರೂ, ಕೊನೆಗೆ ಮೇಟ್ ಕೊಡುವ ಕಾಯಿ ಯಾವುದು ಅಂತ ನೋಡಿಯೇ ಹೇಳಬಲ್ಲೆ ಅನ್ನೋದು ಅವನ ಹೆಮ್ಮೆ. ಲಾಯ್ಡ್ ಅವನಿಗೊಂದು ಸಮಸ್ಯೆ ಕಟ್ಟಿ ತಂದ. ತಂದವನು ಪ್ರಶ್ನೆಯನ್ನೇ ತಿರುಗಿಸಿದ. ಮೇಟ್ ಕೊಡುವ ಕಾಯಿ ಬೇಡ, ಖಂಡಿತ ಮೇಟ್ ಕೊಡಲಾರದ ಕಾಯಿ ಯಾವುದು ಅಂತ ಆರಿಸು ಅಂದ. ಸೋತವನು ರಾತ್ರಿ ಊಟದ ಖರ್ಚು ಕೊಡಬೇಕು. ಜೂಲಿಯನ್ ಒಂದು ಕ್ಷಣವೂ ಯೋಚಿಸದೆ ಬಿ2 ಮನೆಯ ಕಾಲಾಳನ್ನು ತೋರಿಸಿದ. ಊಟದ ಖರ್ಚು ಅವನ ತಲೆಗೇ ಬಿತ್ತು. 1861ರ ಜನವರಿಯಲ್ಲಿ ಅದು ಲಂಡನ್ನಿನ ಎರಾ ಪತ್ರಿಕೆಯಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಲಾಯ್ಡ್‌ಗೆ ಇನ್ನೇನು 20 ತುಂಬುತ್ತಿತ್ತು.

ಮಣೆ ಇದ್ದರೆ ತೆಗೆದು ಜೋಡಿಸಿ. ಬಿಳಿ: ರಾಜ ಎಚ್5, ಆನೆಗಳು ಬಿ5 ಮತ್ತು ಇ2, ಕುದುರೆಗಳು ಎ1 ಮತ್ತು ಎಚ್3, ಕಾಲಾಳುಗಳು ಬಿ2, ಸಿ2, ಜಿ3. ಕಪ್ಪು: ರಾಜ ಎಚ್1, ಆನೆ ಸಿ8, ಒಂಟೆ ಡಿ8, ಕುದುರೆ ಎ8, ಕಾಲಾಳುಗಳು ಎ3, ಬಿ6, ಬಿ7, ಇ3, ಎಫ್7, ಎಚ್7. ಬಿಳಿಯವರು ಆಡಿ ಐದು ನಡೆಗಳಲ್ಲಿ ಮೇಟ್ ಮಾಡಬೇಕು. ಈ ಪ್ಯಾರಾ ಮುಗಿದ ಕೂಡಲೇ ಉತ್ತರ ಬರುತ್ತೆ, ಸ್ವಂತ ಬಿಡಿಸಬೇಕು ಅನ್ನುವವರು ಇಲ್ಲೇ ನಿಂತುಕೊಳ್ಳಿ.

ಕಪ್ಪು ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ಜಿ1 ಮನೆಯನ್ನು ಬಿಳಿ ಕುದುರೆ ಕಾಯ್ತಿದೆ, ಜಿ2 ಮತ್ತು ಎಚ್2 ಮನೆಗಳನ್ನು ಇ2ರ ಆನೆ ಕಾಯ್ತಿದೆ. ಒಂದು ಚೆಕ್ ಬಿದ್ದರೆ ಸಾಕು, ಮುಗೀತು. ಹಾಗಾದರೆ ಬಿ5ರ ಆನೆಯನ್ನು ಡಿ5ಗೆ ತಂದು, ಮುಂದಿನ ನಡೆಗೆ ಡಿ1ಕ್ಕೆ ಇಳಿಸಿದರೆ ಆಯ್ತಲ್ಲ? ಎಲ್ಲರಿಗೂ ಮೊದಲು ಹೊಳೆಯೋದು ಇದೇ. ಆದರೆ ಕಪ್ಪು ಆನೆ ಸಿ5ಕ್ಕೆ ಬಂದು ನಿಲ್ಲುತ್ತೆ. ಬಿಳಿ ಆನೆಯ ಹಿಂದೆ, ಅದೇ ಸಾಲಿನಲ್ಲಿ ಅದರ ರಾಜ ಇದ್ದಾನೆ, ಆನೆ ಸಾಲು ಬಿಟ್ಟು ಕದಲುವ ಹಾಗಿಲ್ಲ. ದಾಳಿ ಅಲ್ಲಿಗೇ ಕಟ್ಟಿಹೋಯಿತು. ಅಂದರೆ ಮೊದಲು ಸಿ5 ಮನೆಯನ್ನು ಕಾಯಬೇಕು. ಕಾಯೋದು ಯಾರು? ಎಲ್ಲರೂ ಮರೆತಿದ್ದ ಆ ಬಿ2 ಕಾಲಾಳು. ಬಿ4ಕ್ಕೆ ಎರಡು ಮನೆ ಹಾರುತ್ತೆ. ಅದೇ ಕೀಲಿ ನಡೆ.

ಈಗ ಕಪ್ಪಿನವರ ಒಳ್ಳೆಯ ಉತ್ತರ ಆನೆಯನ್ನು ಸಿ5ಕ್ಕೇ ತಂದು ಚೆಕ್ ಕೊಡೋದು. ಕಾಲಾಳು ಅದನ್ನು ಹೊಡೆದು ಸಿ5ರಲ್ಲಿ ಕೂರುತ್ತೆ. ಬಿ ಸಾಲು ಖಾಲಿಯಾಯಿತು, ಆನೆ ಬಿ1ಕ್ಕೆ ಇಳಿದರೆ ಮೇಟ್. ಕಪ್ಪು ತನ್ನ ಎ3 ಕಾಲಾಳನ್ನು ಎ2ಕ್ಕೆ ತಳ್ಳಿ ಬಿ1 ಮನೆಯನ್ನು ಕಾಯುತ್ತೆ. ಬಿಳಿ ಕಾಲಾಳು ಸಿ6ಕ್ಕೆ ಹೋಗುತ್ತೆ. ಐದನೇ ಸಾಲು ಮತ್ತೆ ಬಿಚ್ಚಿತು, ಆನೆಯ ಹಳೆಯ ಬೆದರಿಕೆ ಮತ್ತೆ ಜೀವ ತಳೆಯಿತು. ಕಪ್ಪು ಒಂಟೆ ಸಿ7ಕ್ಕೆ ಬಂದು ರಕ್ಷಣೆಗೆ ನಿಲ್ಲುತ್ತೆ. ಕಾಲಾಳು ಬಿ7ರ ಕಾಯಿಯನ್ನು ಹೊಡೆಯುತ್ತೆ. ಇನ್ನು ಕಪ್ಪು ಏನೇ ಆಡಲಿ, ಕಾಲಾಳು ಎ8ರ ಕುದುರೆಯನ್ನು ಹೊಡೆದು ರಾಣಿಯಾಗುತ್ತೆ. ಎ8ರಿಂದ ಎಚ್1ರ ತನಕ ಮಣೆಯ ಆ ಮೂಲೆಯಿಂದ ಈ ಮೂಲೆಗೆ ಚೆಕ್, ಅದೇ ಮೇಟ್. ಅಡ್ಡ ಬರೋಣ ಅಂದರೆ ಕಪ್ಪು ಒಂಟೆ ಓಡಾಡೋದು ಇನ್ನೊಂದು ಬಣ್ಣದ ಮನೆಗಳಲ್ಲಿ.

ಐದು ನಡೆಗಳನ್ನೂ ಒಂದೇ ಕಾಲಾಳು ಆಡಿತು. ಮಣೆಯಲ್ಲೇ ಅತಿ ಬಡಪಾಯಿ ಅನ್ನಿಸಿದ್ದು, ಮೇಟ್ ಕೊಡೋದಿರಲಿ, ಕದಲೋದೇ ಅನುಮಾನ ಅನ್ನಿಸಿದ್ದು. ಚೆಸ್ ಸಮಸ್ಯೆಯನ್ನು ಸವಿಯೋದು ಅಂದರೆ ಇದೇ. ಉತ್ತರ ಸಿಕ್ಕಿದ ಮೇಲೆ ಪುಸ್ತಕ ಮುಚ್ಚೋದಲ್ಲ. ಪ್ರತಿ ಕಾಯಿ ಅಲ್ಲಿ ಯಾಕಿದೆ ಅಂತ ಒಂದೊಂದಾಗಿ ಕೇಳೋದು. ಕುದುರೆ ಎ8ರಲ್ಲಿ ಇಲ್ಲದಿದ್ದರೆ ಕಾಲಾಳು ಹೊಡೆದುಕೊಂಡು ಎ8ಕ್ಕೆ ಹೋಗೋಕೆ ಆಗ್ತಿರಲಿಲ್ಲ. ಬಿ6ರಲ್ಲಿ ಕಪ್ಪು ಕಾಲಾಳು, ಸಿ7ರಲ್ಲಿ ಒಂಟೆ ಇರೋದರಿಂದ ಆ ಕುದುರೆ ತಪ್ಪಿಸಿಕೊಳ್ಳೋಕೂ ಆಗಲ್ಲ. ಕಪ್ಪಿನವರು ರಕ್ಷಣೆಗೆ ಅಂತ ತಂದ ಒಂಟೆಯೇ ತಮ್ಮ ಕುದುರೆಯ ಬಾಗಿಲು ಮುಚ್ಚಿತು. ಒಳ್ಳೆಯ ಸರ್ಕ್ಯೂಟಿನಲ್ಲಿ ಒಂದು ರೆಸಿಸ್ಟರ್ ಕೂಡ ಸುಮ್ಮನೆ ಇರಲ್ಲ ಅಲ್ವಾ, ಹಾಗೆ.

ಲಾಯ್ಡ್‌ನ ಇನ್ನೊಂದು ಪ್ರಸಿದ್ಧ ಸಮಸ್ಯೆ 1859ರದು, ಚೆಸ್ ಮಂತ್ಲಿಯಲ್ಲಿ ಬಂದದ್ದು. ಅದಕ್ಕೆ ಫಿಸ್ಕ್ ಒಂದು ಕತೆ ಹೆಣೆದ. ಸ್ವೀಡನ್ನಿನ ರಾಜ 12ನೇ ಚಾರ್ಲ್ಸ್ 1709ರಲ್ಲಿ ಪೋಲ್ಟಾವಾದಲ್ಲಿ ರಷ್ಯನ್ನರಿಗೆ ಸೋತು ತುರ್ಕರ ಸೀಮೆಯ ಬೆಂಡರ್ ಊರಲ್ಲಿ ಆಶ್ರಯ ಪಡೆದಿದ್ದ. 1713ರಲ್ಲಿ ತುರ್ಕರೇ ಅವನನ್ನು ಮುತ್ತಿದರು. ಇಷ್ಟು ಚರಿತ್ರೆ. ಫಿಸ್ಕ್ ಹೆಣೆದ ಕತೆಯಲ್ಲಿ ರಾಜ ಆ ಗುಂಡಿನ ಮಳೆಯ ನಡುವೆಯೇ ತನ್ನ ಮಂತ್ರಿಯ ಜೊತೆ ಚೆಸ್ ಆಡ್ತಾ ಕೂತಿದ್ದಾನೆ. ಬಿಳಿ ಕಾಯಿ ರಾಜನದು. ರಾಜ ಎಫ್5, ಆನೆ ಜಿ7, ಕುದುರೆ ಇ1, ಕಾಲಾಳುಗಳು ಜಿ2, ಎಚ್2. ಕಪ್ಪು: ರಾಜ ಎಚ್5, ಒಂಟೆ ಎಫ್2, ಕಾಲಾಳುಗಳು ಜಿ3, ಎಚ್6, ಎಚ್7. ಮೂರು ನಡೆಯಲ್ಲಿ ಮೇಟ್ ಅಂತ ರಾಜ ಸಾರಿದ. ಅಷ್ಟರಲ್ಲಿ ಒಂದು ಗುಂಡು ಕಿಟಕಿಯಿಂದ ಬಂದು ಅವನ ಕುದುರೆಯನ್ನು ಪುಡಿ ಮಾಡಿತು. ರಾಜ ಮತ್ತೆ ಮಣೆ ನೋಡಿದ. ಕುದುರೆ ಇಲ್ಲದಿದ್ದರೂ ನಾಲ್ಕು ನಡೆಯಲ್ಲಿ ಮೇಟ್ ಇದೆ. ಇನ್ನೊಂದು ಗುಂಡು ಬಂದು ಎಚ್2ರ ಕಾಲಾಳನ್ನೂ ಹಾರಿಸಿತು. ರಾಜ ಅಲುಗಾಡಲಿಲ್ಲ. ಈಗ ಐದು ನಡೆ ಬೇಕು, ಆದರೂ ಮೇಟ್ ಇದೆ.

ಕತೆ ಫಿಸ್ಕ್‌ನ ಕಲ್ಪನೆ, ಮಣೆಯ ಮೇಲಿನ ಲೆಕ್ಕ ಮಾತ್ರ ಪೂರ್ತಿ ನಿಜ. ಮೂರೂ ಸ್ಥಿತಿಗಳಿಗೆ ಬೇರೆ ಬೇರೆ ಉತ್ತರ. ಮೊದಲನೆಯದರ ತುದಿ ಮಾತ್ರ ಹೇಳ್ತೀವಿ. ಬಿಳಿ ಆನೆ ಜಿ3ರ ಕಾಲಾಳನ್ನು ಹೊಡೆದು ತನ್ನನ್ನೇ ಬಲಿ ಕೊಡುತ್ತೆ, ಒಂಟೆ ಅದನ್ನು ಹೊಡೆದರೆ ಕುದುರೆ ಎಫ್3ಕ್ಕೆ ಬರುತ್ತೆ. ಈಗ ಕಪ್ಪಿಗೆ ಒಂಟೆ ಬಿಟ್ಟು ಬೇರೆ ಯಾವ ಕಾಯಿಯನ್ನೂ ಆಡಿಸೋಕೆ ಆಗಲ್ಲ. ಒಂಟೆ ಕದಲಿದ ಕೂಡಲೇ ಜಿ2ರ ಕಾಲಾಳು ಜಿ4ಕ್ಕೆ ಹಾರಿ ಮೇಟ್. ಉಳಿದ ಎರಡು ನಿಮಗೆ. ಇದರ ಮಜಾ ಇನ್ನೂ ಮುಗಿದಿಲ್ಲ. ಸುಮಾರು 40 ವರ್ಷ ಆದ ಮೇಲೆ ಒಬ್ಬರು ಗಮನಿಸಿದರು, ಮೊದಲ ಗುಂಡು ಕುದುರೆಯ ಬದಲು ಆನೆಗೆ ಬಿದ್ದಿದ್ದರೂ ಆರು ನಡೆಯಲ್ಲಿ ಮೇಟ್ ಇರ್ತಿತ್ತು ಅಂತ. ನಿಜವಾದದ್ದರ ಗುಣವೇ ಅದು. ಕಟ್ಟಿದವನು ಕಾಣದ್ದು ಕೂಡ ಅದರೊಳಗೆ ಇರುತ್ತೆ.

ಇಷ್ಟೆಲ್ಲ ಕಟ್ಟಿದವನು ಆಟದಲ್ಲಿ ಹೇಗಿದ್ದ? 1867ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಪಂದ್ಯಾವಳಿ ನಡೆಯಿತು. ಮುಂದೆ ವಿಶ್ವ ಚಾಂಪಿಯನ್ ಆದ ಸ್ಟೈನಿಟ್ಸ್ ಕೂಡ ಅದರಲ್ಲಿ ಆಡಿದ್ದ. ಲಾಯ್ಡ್ ಹೋಗಿ ಪಟ್ಟಿಯ ಕೆಳಭಾಗದಲ್ಲಿ ನಿಂತು ವಾಪಸ್ ಬಂದ. ಆಟವೇ ಬೇರೆ, ಸಮಸ್ಯೆಯೇ ಬೇರೆ. ಆಟದಲ್ಲಿ ಚೆಂದದ ನಡೆ ಬೇಕಿಲ್ಲ, ಸಾಕಾಗುವ ನಡೆ ಸಾಕು. ಲಾಯ್ಡ್‌ಗೆ ಸಾಕಾಗೋದು ಅನ್ನೋದು ಯಾವತ್ತೂ ಸಾಕಾಗಲಿಲ್ಲ.

ಅದಾದ ಮೇಲೆ ಬದುಕು ಬೇರೆ ಹಾದಿ ಹಿಡಿಯಿತು. ಕೊಳಾಯಿ ಕೆಲಸದ ಕಾಂಟ್ರಾಕ್ಟ್ ಹಿಡಿದ, ಸಂಗೀತದ ವಾದ್ಯ ಮಾರುವ ಅಂಗಡಿಗಳನ್ನು ಇಟ್ಟ. 1878ರಲ್ಲಿ ಚೆಸ್ ಸ್ಟ್ರಾಟೆಜಿ ಅನ್ನೋ ಪುಸ್ತಕದಲ್ಲಿ ತನ್ನ ಸಮಸ್ಯೆಗಳನ್ನು ಒಟ್ಟು ಮಾಡಿ ಹೊರತಂದ. ಜೊತೆಜೊತೆಗೆ ಚೆಸ್ ಗೊತ್ತಿಲ್ಲದ ಸಾಮಾನ್ಯ ಜನರಿಗೆ ಒಗಟು ಮಾರುವ ವ್ಯಾಪಾರವೂ ಬೆಳೆಯಿತು. ಮೂರು ತುಂಡು ಮಾಡಿದ ಒಂದು ಕಾರ್ಡು, ಎರಡು ಕತ್ತೆ, ಇಬ್ಬರು ಸವಾರರು. ತುಂಡುಗಳನ್ನು ಮಡಚದೆ ಸವಾರರನ್ನು ಕತ್ತೆಗಳ ಮೇಲೆ ಕೂರಿಸಬೇಕು. ಸರ್ಕಸ್ ಸಾಹುಕಾರ ಬಾರ್ನಮ್ ಹೆಸರಿನಲ್ಲಿ ಅದು ಮನೆಮನೆ ತಲುಪಿತು. 1896ರಲ್ಲಿ ಇನ್ನೊಂದು ಬಂತು. ಒಂದು ವೃತ್ತ, ಅದರ ಸುತ್ತ 13 ಯೋಧರ ಚಿತ್ರ. ವೃತ್ತವನ್ನು ಸ್ವಲ್ಪ ತಿರುಗಿಸಿದರೆ ಎಣಿಕೆಗೆ 12 ಜನ. ಒಬ್ಬ ಎಲ್ಲಿ ಹೋದ? ಎಲ್ಲೂ ಹೋಗಿಲ್ಲ. 13 ಜನರ ಅಂಗಾಂಗದ ಚೂರುಗಳು 12 ಜನಕ್ಕೆ ಹಂಚಿಹೋಗಿ ಒಬ್ಬೊಬ್ಬನೂ ಒಂದಿಷ್ಟು ದಪ್ಪ ಆಗಿರ್ತಾನೆ, ಕಣ್ಣಿಗೆ ಗೊತ್ತಾಗಲ್ಲ ಅಷ್ಟೇ. ಪತ್ರಿಕೆಗಳಲ್ಲಿ ಒಗಟಿನ ಅಂಕಣ, ಬಹುಮಾನದ ಸ್ಪರ್ಧೆ, ಅಂಗಡಿಗಳ ಜಾಹೀರಾತಿಗೆ ಒಗಟಿನ ಕಾರ್ಡು. ಲಾಯ್ಡ್ ಅಮೆರಿಕದ ಒಗಟಿನ ರಾಜ ಅನ್ನಿಸಿಕೊಂಡ.

ಇಲ್ಲಿಂದ ಕತೆಯ ಇನ್ನೊಂದು ಮುಖ.

ಹದಿನೈದರ ಆಟ ನಿಮಗೆ ಗೊತ್ತಿರುತ್ತೆ. ನಾಲ್ಕು ಸಾಲು, ನಾಲ್ಕು ಕಂಬ, 1ರಿಂದ 15ರ ತನಕ ಅಂಕಿ ಬರೆದ ತುಂಡುಗಳು, ಒಂದು ಖಾಲಿ ಜಾಗ. 1880ರ ಶುರುವಿನಲ್ಲಿ ಇದು ಅಮೆರಿಕ, ಯೂರೋಪು ಎರಡನ್ನೂ ಹುಚ್ಚು ಹಿಡಿಸಿತು. ಅದರಲ್ಲೂ 14 ಮತ್ತು 15 ಮಾತ್ರ ಅದಲುಬದಲಾಗಿರುವ ಸ್ಥಿತಿಯಿಂದ ಶುರು ಮಾಡಿ ಎಲ್ಲವನ್ನೂ ಸರಿಯಾಗಿ ಜೋಡಿಸೋದು ಹೇಗೆ ಅಂತ ಜನ ನಿದ್ದೆಗೆಟ್ಟರು. 1891ರಿಂದ ಸಾಯುವ ತನಕ ಲಾಯ್ಡ್ ಹೇಳಿಕೊಂಡು ಬಂದದ್ದು ಒಂದೇ ಮಾತು, ಆ ಆಟ ಕಂಡುಹಿಡಿದವನು ತಾನು ಅಂತ. ಆ 14-15 ಬಿಡಿಸಿದವರಿಗೆ 1000 ಡಾಲರ್ ಬಹುಮಾನ ಅಂತಲೂ ಸಾರಿದ. ಕೊಡಬೇಕಾದ ಭಯ ಅವನಿಗೆ ಇರಲಿಲ್ಲ, ಯಾಕಂದರೆ ಅದು ಆಗದ ಕೆಲಸ ಅಂತ ಜಾನ್ಸನ್ ಮತ್ತು ಸ್ಟೋರಿ ಅನ್ನುವ ಇಬ್ಬರು 1879ರಲ್ಲೇ ಗಣಿತದ ಪತ್ರಿಕೆಯಲ್ಲಿ ಸಾಧಿಸಿ ತೋರಿಸಿದ್ದರು.

ಸಾಧನೆ ನಮ್ಮ ಮಟ್ಟದ್ದೇ, ನೋಡಿ. ಪ್ರತಿ ನಡೆಯಲ್ಲೂ ಖಾಲಿ ಜಾಗ ಪಕ್ಕದ ತುಂಡಿನ ಜೊತೆ ಜಾಗ ಬದಲಿಸುತ್ತೆ. ಅಂದರೆ ಒಂದು ನಡೆಗೆ ಒಂದು ಅದಲುಬದಲು. ಖಾಲಿ ಜಾಗ ಹೊರಟ ಮೂಲೆಗೇ ವಾಪಸ್ ಬರಬೇಕು. ಹಾಗಿದ್ದರೆ ಎಡಕ್ಕೆ ಹೋದಷ್ಟು ಸಲ ಬಲಕ್ಕೆ, ಮೇಲಕ್ಕೆ ಹೋದಷ್ಟು ಸಲ ಕೆಳಕ್ಕೆ ಹೋಗಿರಲೇಬೇಕು. ಒಟ್ಟು ನಡೆ ಯಾವಾಗಲೂ ಸಮಸಂಖ್ಯೆ. ಆದರೆ 14 ಮತ್ತು 15ನ್ನು ಮಾತ್ರ ಬದಲಿಸೋದು ಅಂದರೆ ಒಂದು ಅದಲುಬದಲು, ಬೆಸಸಂಖ್ಯೆ. ಸಮಸಂಖ್ಯೆಯ ಅದಲುಬದಲುಗಳಿಂದ ಬೆಸದ ಫಲ ಯಾವ ಕಾಲಕ್ಕೂ ಬರಲ್ಲ. ಪರ್ಮ್ಯುಟೇಶನ್ ಪಾಠ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳೋರಿಗೆ ಇದೊಂದು ಉತ್ತರ.

ಇನ್ನು ಕಂಡುಹಿಡಿದವನ ವಿಷಯ. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಅನ್ನೋ ಸಣ್ಣ ಊರಿನಲ್ಲಿ ನಾಯ್ಸ್ ಚ್ಯಾಪ್‌ಮನ್ ಅಂತ ಒಬ್ಬ ಪೋಸ್ಟ್‌ಮಾಸ್ಟರ್ ಇದ್ದ. 1870ರ ದಶಕದ ನಡುವಿನಲ್ಲಿ ಈ ಆಟದ ಮೂಲ ರೂಪವನ್ನು ಮಾಡಿ ಸ್ನೇಹಿತರಿಗೆ ತೋರಿಸಿದವನು ಅವನು. 1880ರಲ್ಲಿ ಪೇಟೆಂಟಿಗೆ ಅರ್ಜಿಯನ್ನೂ ಹಾಕಿದ, ಸಿಗಲಿಲ್ಲ. ಲಾಯ್ಡ್‌ನ ಮಾತೇ ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿತು ಅಂದರೆ ಸುಮಾರು ನೂರು ವರ್ಷ ಪುಸ್ತಕದ ಮೇಲೆ ಪುಸ್ತಕ ಅವನ ಹೆಸರನ್ನೇ ಬರೆಯಿತು. 2006ರಲ್ಲಿ ಜೆರ್ರಿ ಸ್ಲೋಕಮ್ ಮತ್ತು ಡಿಕ್ ಸೊನ್ನೆವೆಲ್ಡ್ ಹಳೆಯ ಪತ್ರಿಕೆ, ದಾಖಲೆಗಳನ್ನು ಜಾಲಾಡಿ ಒಂದು ಇಡೀ ಪುಸ್ತಕ ಬರೆದರು. ಆ ಹುಚ್ಚು ಎದ್ದಿದ್ದಕ್ಕೂ ಲಾಯ್ಡ್‌ಗೂ ಏನೇನೂ ಸಂಬಂಧ ಇರಲಿಲ್ಲ ಅನ್ನೋದು ಆಗ ಖಚಿತವಾಯಿತು. ಚ್ಯಾಪ್‌ಮನ್‌ಗೆ ಅವನ ಹೆಸರು ವಾಪಸ್ ಸಿಗುವ ಹೊತ್ತಿಗೆ ಅದನ್ನು ಕೇಳಿ ಸಂತೋಷಪಡೋಕೆ ಅವನ ಕಾಲದವರು ಯಾರೂ ಉಳಿದಿರಲಿಲ್ಲ.

ಇದೊಂದೇ ಅಲ್ಲ. 1903ರಲ್ಲಿ ಟ್ಯಾಂಗ್ರಾಮ್ ಬಗ್ಗೆ ಒಂದು ಪುಸ್ತಕ ತಂದ. ಅದು 4000 ವರ್ಷ ಹಳೆಯದು, ಟ್ಯಾನ್ ಅನ್ನೋ ದೇವರು ಕೊಟ್ಟದ್ದು, ಅಂತ ಒಂದು ಪುರಾಣವನ್ನೇ ಸೃಷ್ಟಿಸಿ ಚರಿತ್ರೆ ಅಂತ ಬರೆದ. ಓದಿದವರು ನಂಬಿದರು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಚೀನಾದ ವಿದ್ವಾಂಸರ ತನಕ ವಿಚಾರಿಸಿದಾಗ ಅಂಥ ದೇವರ ಹೆಸರನ್ನೇ ಯಾರೂ ಕೇಳಿರಲಿಲ್ಲ. ಇಂಗ್ಲೆಂಡಿನ ಹೆನ್ರಿ ಡ್ಯೂಡೆನಿ, ಆ ಕಾಲದ ಇನ್ನೊಬ್ಬ ಮಹಾ ಒಗಟುಗಾರ, ಲಾಯ್ಡ್ ಜೊತೆ ವರ್ಷಗಟ್ಟಲೆ ಕಾಗದ ಬರೆದು ಒಗಟುಗಳನ್ನು ಹಂಚಿಕೊಂಡಿದ್ದ. ಆಮೇಲೆ ತನ್ನ ಒಗಟುಗಳು ಲಾಯ್ಡ್ ಹೆಸರಿನಲ್ಲಿ ಅಚ್ಚಾಗ್ತಿವೆ ಅಂತ ಸಿಟ್ಟಿಗೆದ್ದ. ಆ ಸ್ನೇಹ ಅಲ್ಲಿಗೇ ಮುರಿಯಿತು. ಡ್ಯೂಡೆನಿಗೆ ಅವನ ಮೇಲಿನ ಕೋಪ ಇಳಿಯಲೇ ಇಲ್ಲ.

ಹಾಗಾದರೆ ಈ ಮನುಷ್ಯ ಚೆಸ್ ಮಣೆಯ ಮೇಲೂ ಮೋಸ ಮಾಡಿದನಾ? ಮಾಡಲಿಲ್ಲ, ಮಾಡೋಕೆ ಅಲ್ಲಿ ಜಾಗವೇ ಇಲ್ಲ. ಮಣೆಯ ಮೇಲೆ ಅವನು ನಮ್ಮ ದಿಕ್ಕು ತಪ್ಪಿಸ್ತಾನೆ, ಸುಳ್ಳು ಆಸೆ ತೋರಿಸ್ತಾನೆ, ಬೇಕಿಲ್ಲದ ಕಡೆ ನೋಡುವ ಹಾಗೆ ಮಾಡ್ತಾನೆ. ಆದರೆ ಎಲ್ಲ ಕಾಯಿಗಳೂ ನಮ್ಮ ಕಣ್ಣೆದುರೇ ಇವೆ. ಒಂದನ್ನೂ ಬಚ್ಚಿಟ್ಟಿಲ್ಲ. ಐದು ನಡೆಯಲ್ಲಿ ಮೇಟ್ ಇದೆ ಅಂದರೆ ಇರಲೇಬೇಕು, ಒಂದೇ ದಾರಿ ಅಂದರೆ ಒಂದೇ ಇರಬೇಕು. ಇಲ್ಲದಿದ್ದರೆ ಯಾವನೋ ಒಬ್ಬ ಓದುಗ ಪತ್ರಿಕೆಗೆ ಒಂದು ಕಾರ್ಡು ಬರೆದರೆ ಮರ್ಯಾದೆ ಹೋಗುತ್ತೆ. ಇವತ್ತು ಕಾರ್ಡು ಕೂಡ ಬೇಡ, ಎಂಜಿನ್‌ಗೆ ಕೊಟ್ಟರೆ ಕ್ಷಣದಲ್ಲಿ ಹೇಳುತ್ತೆ. ಹದಿನೈದರ ಆಟದ 1000 ಡಾಲರ್ ಪಣಕ್ಕೂ ಜೂಲಿಯನ್ ಜೊತೆಗಿನ ಊಟದ ಪಣಕ್ಕೂ ಇರುವ ವ್ಯತ್ಯಾಸ ಇದೇ. ಒಂದರಲ್ಲಿ ಉತ್ತರವೇ ಇಲ್ಲ ಅಂತ ಗೊತ್ತಿದ್ದೂ ಜನರನ್ನು ಆಡಿಸಿದ. ಇನ್ನೊಂದರಲ್ಲಿ ಉತ್ತರ ಎದುರಿನವನ ಮೂಗಿನ ಕೆಳಗೇ ಇತ್ತು, ಅವನು ನೋಡಲಿಲ್ಲ. ಎರಡನೆಯದರಲ್ಲಿ ಸೋತವನಿಗೂ ಒಂದು ಖುಷಿ ಇದೆ, ಏನೋ ಒಂದನ್ನು ಕಂಡೆ ಅನ್ನುವ ಖುಷಿ.

ಲಾಯ್ಡ್ ಚೆಸ್ಸನ್ನು ಪೂರ್ತಿ ಬಿಡಲಿಲ್ಲ. 1903ರಲ್ಲಿ, 62ನೇ ವಯಸ್ಸಿನಲ್ಲಿ, ಒಂದು ಸ್ಪರ್ಧೆಗೆ ಸಮಸ್ಯೆ ಕಳಿಸಿ ಮೊದಲ ಬಹುಮಾನ ಗೆದ್ದ. ಸ್ಟೈನಿಟ್ಸ್ ಗ್ಯಾಂಬಿಟ್ ಅಂತ ಅದರ ಹೆಸರು. ಆ ಹೆಸರಿನ ಆರಂಭದಲ್ಲಿ ಬಿಳಿ ರಾಜ ಧೈರ್ಯ ಮಾಡಿ ಇ2ಕ್ಕೆ ಕಾಲಿಡ್ತಾನೆ. ಈ ಸಮಸ್ಯೆಯ ಕೀಲಿ ನಡೆಯೂ ಅದೇ. ಭದ್ರವಾಗಿ ಕೂತಿರಬೇಕಾದ ರಾಜ ತಾನೇ ಬಯಲಿಗೆ ಬಂದು, ಕಪ್ಪಿನವರಿಗೆ ಚೆಕ್ ಮೇಲೆ ಚೆಕ್ ಕೊಡುವ ಅವಕಾಶ ಮಾಡಿಕೊಡ್ತಾನೆ. ಆದರೂ ಮೂರನೇ ನಡೆಗೆ ಮೇಟ್. ಹುಡುಗನಾಗಿದ್ದಾಗ ಯಾವ ಪಂಥ ಹಿಡಿದಿದ್ದನೋ ಮುದುಕನಾದಾಗಲೂ ಅದೇ. ಯಾರೂ ಊಹಿಸದ ನಡೆ, ಆದರೆ ಯಾರು ಬೇಕಾದರೂ ಪರೀಕ್ಷಿಸಬಹುದಾದ ನಡೆ.

1911ರ ಏಪ್ರಿಲ್ 10ರಂದು ಲಾಯ್ಡ್ ತೀರಿಕೊಂಡ. ಮಗ ಅಪ್ಪನ ಹೆಸರನ್ನೇ ಇಟ್ಟುಕೊಂಡು ಒಗಟಿನ ವ್ಯಾಪಾರ ಮುಂದುವರಿಸಿದ, 1914ರಲ್ಲಿ ಅಪ್ಪನ ಒಗಟುಗಳನ್ನೆಲ್ಲ ಸೇರಿಸಿ ಒಂದು ದಪ್ಪ ಸಂಪುಟ ತಂದ. ಅದರಲ್ಲಿ ಯಾವುದು ಲಾಯ್ಡ್‌ನ ಸ್ವಂತದ್ದು, ಯಾವುದು ಬೇರೆಯವರದ್ದು ಅಂತ ಬಿಡಿಸೋದೇ ಒಂದು ಒಗಟು. ಅದಕ್ಕೂ ಒಂದು ವರ್ಷ ಮೊದಲು, 1913ರಲ್ಲಿ, ಅಲೈನ್ ವೈಟ್ ಅನ್ನೋ ಚೆಸ್ ಸಮಸ್ಯೆಗಳ ಪ್ರೇಮಿ ಲಾಯ್ಡ್‌ನ 700ಕ್ಕೂ ಹೆಚ್ಚು ಸಮಸ್ಯೆಗಳನ್ನು ಹುಡುಕಿ, ವಿಂಗಡಿಸಿ, ವಿವರಿಸಿ ಪುಸ್ತಕ ಮಾಡಿದ್ದ. ಚೆಸ್ ಸಮಸ್ಯೆ ಕಟ್ಟುವವರು ಇವತ್ತಿಗೂ ಹೋಗಿ ನೋಡೋದು ಆ ಪುಸ್ತಕವನ್ನು.

ಅವನು ಬಾಯಲ್ಲಿ ಹೇಳಿಕೊಂಡದ್ದು ಒಂದೊಂದಾಗಿ ಕಳಚಿಬಿತ್ತು. ಹದಿನೈದರ ಆಟ ಹೋಯಿತು, ಟ್ಯಾನ್ ದೇವರು ಹೋದ. ಮಣೆಯ ಮೇಲೆ ಇಟ್ಟುಹೋದದ್ದು ಇಟ್ಟ ಹಾಗೇ ಇದೆ. ಹೊಗಳಿಕೆ ಬೇಡದ, ಸಾಕ್ಷಿ ಬೇಡದ, ಯಾರು ಬೇಕಾದರೂ ಜೋಡಿಸಿ ನೋಡಬಹುದಾದ ಕೆಲಸ ಅದು. ಸೆಮಿಸ್ಟರ್ ಕೊನೆಗೆ ಪ್ರಾಜೆಕ್ಟ್ ರಿಪೋರ್ಟಿನ ಮೇಲೆ ನಾವೂ ಹೆಸರು ಬರೀತೀವಿ, ಕೋಡ್ ಯಾರದ್ದು, ಐಡಿಯಾ ಯಾರದ್ದು ಅಂತ ವೈವಾದಲ್ಲಿ ಯಾರೂ ಕೇಳದೇ ಹೋಗಬಹುದು. ಕೇಳದಿದ್ದರೂ ಎಲ್ಲೋ ಒಂದು ಕಡೆ ಒಬ್ಬ ಚ್ಯಾಪ್‌ಮನ್ ಇದ್ದೇ ಇರ್ತಾನೆ.

ಬೆಂಡರ್ ಕೋಟೆಯ ಉಳಿದ ಎರಡು ಉತ್ತರ ನಿಮಗೆ ಬಿಟ್ಟಿದ್ದೀವಿ. ಕುದುರೆ ಇಲ್ಲದೆ ನಾಲ್ಕು ನಡೆ, ಕುದುರೆಯೂ ಎಚ್2ರ ಕಾಲಾಳೂ ಇಲ್ಲದೆ ಐದು ನಡೆ. ಒಂದು ಸುಳಿವು ಬೇಕಿದ್ದರೆ, ಎರಡರಲ್ಲೂ ಕೊನೆಯ ಮೇಟ್ ಕೊಡೋದು ಕಾಲಾಳೇ. ಎಂಜಿನ್ ಆನ್ ಮಾಡೋ ಮುಂಚೆ ಒಂದು ಸಂಜೆ ಮಣೆಯ ಮುಂದೆ ಕೂತು ನೋಡಿ. ಉತ್ತರ ಅಲ್ಲೇ ಇದೆ.